ನಿದ್ದೆ ಮಂಜೂರಾತಿಗೆ ವಿಜಯವಾಡ ಯಾತ್ರೆ

"ನಮ್ಮ ಮಗಳ ಶಾಲೆಯ ಬೆಳಗಿನ ಗಂಟೆಯನ್ನು ಏಳರಿಂದ ಎಂಟೂವರೆಗೆ ತಳ್ಳದಿದ್ದರೆ ನನ್ನ ಹೆಸರು ವೆಂಕಟರಮಣನೇ ಅಲ್ಲ!"

ಹೀಗೆಂದು ಊಟದ ಟೇಬಲ್ ಗುದ್ದಿ ಶಪಥ ಮಾಡಿದೆ. ಗುದ್ದಿದ ರಭಸಕ್ಕೆ ಮಜ್ಜಿಗೆ ಲೋಟ ಉರುಳಿ ನನ್ನ ಪಂಚೆಗೇ ಅಭಿಷೇಕವಾಯಿತು. ಕ್ಷೀರಾಭಿಷೇಕ ಅಲ್ಲದಿದ್ದರೂ ಅದರ ಹತ್ತಿರದ ಸಂಬಂಧಿಯೇ ತಾನೇ, ಶುಭಶಕುನವೆಂದೇ ತಿಳಿದೆ. ನನ್ನ ಹೆಂಡತಿ ವಿಜಯಲಕ್ಷ್ಮಿ ಒರೆಸುವ ಬಟ್ಟೆ ತಂದು ನನ್ನ ಕೈಗೇ ಕೊಟ್ಟಳು.

"ಬೇರೆ ಹೆಸರು ಈಗ್ಲೇ ಹುಡುಕಿಟ್ಕೊಳ್ರೀ," ಎಂದಳು. "ಆಮೇಲೆ ಆಧಾರ್ ಕಾರ್ಡಲ್ಲಿ ಬದಲಾಯಿಸೋಕೆ ತಿಂಗಳುಗಟ್ಟಲೆ ಓಡಾಡ್ಬೇಕಾಗುತ್ತೆ."

ಶೂರರನ್ನು ಅವರ ಮನೆಯವರು ಗುರುತಿಸುವುದು ಯಾವಾಗಲೂ ತಡ. ನಾನು ನೆಲ ಒರೆಸುತ್ತಲೇ ಯುದ್ಧದ ಯೋಜನೆ ಹಾಕತೊಡಗಿದೆ.

ನಾನು ತಿಪಟೂರಿನವನು. ಬ್ಯಾಂಕಿನವರು ವರ್ಗ ಮಾಡಿ ವಿಶಾಖಪಟ್ಟಣಕ್ಕೆ ತಂದು ಹಾಕಿ ನಾಲ್ಕು ವರ್ಷವಾಯಿತು. ಸಾಲ ವಿಭಾಗದ ಅಧಿಕಾರಿ. ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗಳಿಗೆ ಸಾಲ ಮಂಜೂರು ಮಾಡುವ ಮುಂಚೆ ಅವರ ಗೋದಾಮಿಗೆ ಹೋಗಿ, ಬೆಲ್ಲದ ಅಚ್ಚು ಮುಟ್ಟಿ, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು, "ಸರಕನ್ನು ಕಣ್ಣಾರೆ ಕಂಡಿದ್ದೇನೆ" ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಕಾಗದದ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು, ಸರಕನ್ನು ಕಣ್ಣಿಗೆ ತೋರಿಸಬೇಕು ಎಂಬುದು ನನ್ನ ಜೀವನ ಸಿದ್ಧಾಂತ. ಮುಂದೆ ಆದ ಸಕಲ ಅನಾಹುತಕ್ಕೂ ಈ ಸಿದ್ಧಾಂತವೇ ಮೂಲ.

ನಮ್ಮ ಮಗಳು ಸಹನಾಗೆ ಹದಿನೈದು ವರ್ಷ, ಹತ್ತನೇ ತರಗತಿ. ನಾಲ್ಕು ವರ್ಷದಲ್ಲಿ ಅವಳ ಕನ್ನಡ ಮನೆಯೊಳಗೆ ಮುದುರಿಕೊಂಡಿದೆ, ತೆಲುಗು ಬೀದಿ ತುಂಬ ಹರಡಿಕೊಂಡಿದೆ. ಖುಷಿಯಲ್ಲಿದ್ದರೆ ನನ್ನನ್ನು "ಅಪ್ಪ, ನೀನು" ಎನ್ನುತ್ತಾಳೆ. ಕೋಪ ಬಂದರೆ ತೆಲುಗಿಗೆ ಹಾರಿ "ನಾನ್ನಗಾರು" ಅಂದರೆ ಅಪ್ಪನವರೇ ಎಂದು ಬಹುವಚನದಲ್ಲಿ ಬಡಿಯುತ್ತಾಳೆ. ಅವಳ ಶಾಲೆಯ ಹೆಸರು ಹೇಳುವುದಿಲ್ಲ, ಅವಳಿನ್ನೂ ಅಲ್ಲೇ ಓದಬೇಕು. ಏಳಕ್ಕೆ ತರಗತಿ ಶುರು, ಆರೂಕಾಲಿಗೆ ನಮ್ಮ ಎಂ.ವಿ.ಪಿ. ಕಾಲೊನಿಯ ಮೂಲೆಗೆ ಆಟೋ. ಅಂದರೆ ಐದೂವರೆಗೆ ಏಳಬೇಕು. ಏಳಬೇಕು ಎಂದೆ, ಏಳುತ್ತಾಳೆ ಎನ್ನಲಿಲ್ಲ! ಮೊದಲು ಅಲಾರಂ ಏಳುತ್ತದೆ, ಆಮೇಲೆ ಪಕ್ಕದ ಮನೆಯವರು ಏಳುತ್ತಾರೆ, ಆಮೇಲೆ ವಿಜಯಲಕ್ಷ್ಮಿಯ ಧ್ವನಿ ಏರುತ್ತದೆ. ಸಹನಾ ಕಣ್ಣು ಮುಚ್ಚಿಕೊಂಡೇ ಹಲ್ಲುಜ್ಜಿ, ಕಣ್ಣು ಮುಚ್ಚಿಕೊಂಡೇ ಸಮವಸ್ತ್ರ ತೊಟ್ಟು, ಕಣ್ಣು ಮುಚ್ಚಿಕೊಂಡೇ ಆಟೋ ಹತ್ತುತ್ತಾಳೆ.

ಆ ಬುಧವಾರ ಆದದ್ದೇನೆಂದರೆ, ಊಟದ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟಿನ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು. ವಿಶಾಖಪಟ್ಟಣದ ಸೆಕೆ! ಮೂರನೇ ಪೀರಿಯಡ್ಡಿನ ಹೊತ್ತಿಗೆ ಹಿಟ್ಟು ಉಕ್ಕಿ, ಮುಚ್ಚಳ ಹಾರಿ, ಸಮಾಜ ವಿಜ್ಞಾನದ ಪುಸ್ತಕದಲ್ಲಿ ಹಿಂದೂ ಮಹಾಸಾಗರದಿಂದ ಹಿಮಾಲಯದವರೆಗೆ ಹಿಟ್ಟೇ ಹಿಟ್ಟು. ಸಂಜೆ ಮನೆಗೆ ಬಂದವಳು ಅಳಲಿಲ್ಲ, ರೇಗಲಿಲ್ಲ. "ಅಪ್ಪ, ನಂಗೆ ಬರೀ ನಿದ್ದೆ ಬೇಕು," ಎಂದು ಬೂಟು ಹಾಕಿಕೊಂಡೇ ಸೋಫಾದ ಮೇಲೆ ಬಿದ್ದುಕೊಂಡಳು. ಆ ಮಾತು ನನ್ನ ಎದೆಗೆ ನಾಟಿತು. ಹದಿನೈದರ ಹುಡುಗಿ ಬೇಡುವುದಕ್ಕೆ ಲೋಕದಲ್ಲಿ ಏನೆಲ್ಲ ಇದೆ! ಇವಳು ನಿದ್ದೆ ಬೇಡುತ್ತಿದ್ದಾಳೆ. ಅದಕ್ಕೇ ರಾತ್ರಿ ಊಟಕ್ಕೆ ಕೂತಾಗ ಟೇಬಲ್ ಗುದ್ದಿದ್ದು.

ಪತ್ರಿಕೆಯಲ್ಲಿ ಓದಿದ್ದೆ: ಹದಿಹರೆಯದ ಮಕ್ಕಳಿಗೆ ನಿದ್ದೆ ಬರುವುದೇ ತಡವಂತೆ, ಅದು ಸೋಮಾರಿತನ ಅಲ್ಲವಂತೆ, ದೇಹದ ಗಡಿಯಾರವೇ ಹಾಗಂತೆ. ಅವರ ಶಾಲೆ ಎಂಟೂವರೆಗೆ ಮುಂಚೆ ಶುರುವಾಗಬಾರದು ಎನ್ನುತ್ತಾರೆ ವೈದ್ಯರು. ಇದನ್ನೆಲ್ಲ ಸೇರಿಸಿ ಹನ್ನೊಂದು ಪುಟದ ಒಂದು ಟಿಪ್ಪಣಿ ತಯಾರಿಸಿದೆ. ಬ್ಯಾಂಕಿನ ಪದ್ಧತಿ! ಮೊದಲ ಪುಟದಲ್ಲಿ "ವಿಷಯ: ಶಾಲಾ ಸಮಯದ ಬದಲಾವಣೆ ಕುರಿತು". ಆಮೇಲೆ ಹಿನ್ನೆಲೆ, ಉಲ್ಲೇಖ, ಅನುಬಂಧ, ನಿದ್ದೆಯ ಏರಿಳಿತ ತೋರಿಸುವ ಎರಡು ನಕ್ಷೆ. ನಿಜವಾದ ಬೇಡಿಕೆ, ಅಂದರೆ ಎಂಟೂವರೆ, ಹನ್ನೊಂದನೇ ಪುಟದ ಕೊನೆಯ ಸಾಲಿನಲ್ಲಿ. ಶಿಫಾರಸು ಕೊನೆಗೇ ಬರಬೇಕು, ಅದು ನಿಯಮ. ನಮ್ಮ ಶಾಖೆಯ ಕಾಮೇಶ್ವರ ಅದನ್ನು ತೆಲುಗಿಗೆ ಮಾಡಿಕೊಟ್ಟ. ಮಾಡುತ್ತ ಮಾಡುತ್ತ ಮೇಜಿನ ಮೇಲೇ ನಿದ್ದೆ ಹೋದ. ಟಿಪ್ಪಣಿಯ ಪ್ರಭಾವ ಎಂದು ಹೆಮ್ಮೆಪಟ್ಟೆ.

ಮೂವತ್ತೊಂದು ಮಂದಿ ತಂದೆತಾಯಂದಿರು ಸಹಿ ಹಾಕಿದರು. ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಕನಕದುರ್ಗ ಗಾರು, ಅವರ ಮಗನೂ ಅದೇ ತರಗತಿ, ನನ್ನನ್ನು ತಂದೆತಾಯಂದಿರ ಪ್ರತಿನಿಧಿ ಎಂದು ಲಿಫ್ಟಿನ ಮುಂದೆಯೇ ಘೋಷಿಸಿಬಿಟ್ಟರು. "ಮೀರು ಮುಂದುಕು ಪದಂಡಿ, ಮೇಮಂತಾ ಮೀ ವೆನಕೇ!" ಎಂದರು. ನೀವು ಮುಂದೆ ನಡೆಯಿರಿ, ನಾವೆಲ್ಲ ನಿಮ್ಮ ಹಿಂದೆ. ಹಿಂದೆ ಎಂದರೆ ಎಷ್ಟು ಹಿಂದೆ ಎಂದು ಕೇಳಬೇಕಿತ್ತು. ಏಕೆಂದರೆ ಶಾಲೆಯ ಪ್ರಿನ್ಸಿಪಾಲ್ ಹೈಮಾವತಿ ಮೇಡಂ ಟಿಪ್ಪಣಿಯನ್ನು ಮುಟ್ಟಲೇ ಇಲ್ಲ. "ಟೈಮಿಂಗ್ಸ್ ನಮ್ಮ ಕೈಲಿಲ್ಲ ಸಾರ್. ಎಲ್ಲಾ ವಿಜಯವಾಡದಿಂದ ಬರುತ್ತೆ. ಕರೆಸ್ಪಾಂಡೆಂಟ್ ಸಾರ್‌ನ ಕೇಳಿ," ಎಂದರು. ಈ ಸೀಮೆಯಲ್ಲಿ ಶಾಲೆ ನಡೆಸುವ ಧಣಿಗೆ ಕರೆಸ್ಪಾಂಡೆಂಟ್ ಎನ್ನುತ್ತಾರೆ. ನಮ್ಮ ಶಾಲೆಯ ಧಣಿ ಸೂರ್ಯಪ್ರಕಾಶ ಗಾರು ವಿಜಯವಾಡದ ಕೇಂದ್ರ ಕಚೇರಿಯಲ್ಲಿದ್ದರು. ಹೀಗಾಗಿ ನಾನು ವಿಜಯವಾಡದಲ್ಲಿ ಮುಂದೆ, ಉಳಿದ ಮೂವತ್ತು ಮಂದಿ ವಿಶಾಖಪಟ್ಟಣದಲ್ಲೇ, ಮುನ್ನೂರೈವತ್ತು ಕಿಲೋಮೀಟರ್ ಹಿಂದೆ!

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಹನ್ನೊಂದಕ್ಕೆ ಭೇಟಿ ಗೊತ್ತಾಯಿತು. ಆಗಲೇ ನನ್ನ ಸಿದ್ಧಾಂತ ಎದ್ದು ಕೂತಿತು.

"ಸಹನಾನೂ ಕರ್ಕೊಂಡ್ ಹೋಗ್ತೀನಿ," ಎಂದೆ.

"ಅವಳ್ಯಾಕೆ?" ಎಂದಳು ವಿಜಯಲಕ್ಷ್ಮಿ.

"ಸರಕು ಕಣೇ! ಹನ್ನೊಂದು ಪುಟ ಯಾರು ಓದ್ತಾರೆ? ನಿದ್ದೆಗೆಟ್ಟ ಮಗೂನ ಎದುರಿಗೇ ನಿಲ್ಲಿಸ್ತೀನಿ. ಕಣ್ಣು ಕೆಂಪು, ಮುಖ ಬಾಡಿರ್ಬೇಕು, ಆಕಳಿಕೆ ಮೇಲೆ ಆಕಳಿಕೆ ಬರ್ತಿರ್ಬೇಕು. ಎಂಥ ಕಲ್ಲುಹೃದಯಾನೂ ಕರಗುತ್ತೆ."

"ಮಗೂಗೆ ನಿದ್ದೆ ಕೊಡಿಸೋಕೆ ಮಗೂನ ನಿದ್ದೆ ಕೆಡಿಸ್ತೀರಾ?"

"ದೊಡ್ಡ ಸಾಲಕ್ಕೆ ಸಣ್ಣ ಅಡಮಾನ!"

ಶುಕ್ರವಾರ ಸಂಜೆ ತಂದೆಯೊಬ್ಬ ಭೂಮಿಯ ಮೇಲೆ ಎಂದೂ ಆಡದ ಮಾತನ್ನು ನಾನು ಆಡಿದೆ. "ಸಹನಾ, ಬೇಗ ಮಲಗ್ಬೇಡ. ಎಷ್ಟು ಹೊತ್ತು ಬೇಕಾದ್ರೂ ಫೋನ್ ನೋಡು."

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಹದಿನೈದರ ಮಕ್ಕಳಿಗೆ ಅಪ್ಪ ಬೇಡ ಎಂದದ್ದು ಬೇಕು, ಬೇಕು ಎಂದದ್ದು ಬೇಡ. ಇದರಲ್ಲೇನೋ ಮೋಸವಿದೆ ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟು, ಒಂಬತ್ತಕ್ಕೆಲ್ಲ ಮುಸುಕೆಳೆದು ಮಲಗಿಬಿಟ್ಟಳು. ಐದೂಮುಕ್ಕಾಲಿನ ರೈಲು ತಪ್ಪೀತೆಂಬ ಭಯದಲ್ಲಿ ಇಡೀ ರಾತ್ರಿ ಗಡಿಯಾರ ನೋಡುತ್ತ ಕೂತವನು ನಾನು.

ನಾಲ್ಕಕ್ಕೆ ಎಬ್ಬಿಸಿದೆ. ಏಳು ಗಂಟೆ ನಿದ್ದೆ ಮಾಡಿದವಳು ಒಂದೇ ಕೂಗಿಗೆ ಎದ್ದಳು! ನನಗೆ ಗಾಬರಿಯಾಯಿತು. ರೈಲಿನಲ್ಲಾದರೂ ದಣಿಯಲಿ ಎಂದುಕೊಂಡರೆ, ಅನಕಾಪಲ್ಲಿ ದಾಟುವುದರೊಳಗೆ ಅವಳ ತಲೆ ನನ್ನ ಭುಜಕ್ಕೆ ವಾಲಿತು. ಮತ್ತೆ ನಿದ್ದೆ! ಯೋಜನೆಯ ಪ್ರಕಾರ ತಕ್ಷಣ ಎಬ್ಬಿಸಬೇಕಿತ್ತು. ಎಬ್ಬಿಸಲು ಕೈಯನ್ನೂ ಎತ್ತಿದೆ. ಆದರೆ ಈ ತಲೆ ನನ್ನ ಭುಜಕ್ಕೆ ಬಂದು ಎಷ್ಟು ವರ್ಷವಾಗಿತ್ತು! ಬಾಯಿ ಸ್ವಲ್ಪ ತೆರೆದುಕೊಂಡು, ಮೂರು ವರ್ಷದವಳಿದ್ದಾಗ ಮಲಗುತ್ತಿದ್ದ ಹಾಗೆಯೇ ಮಲಗಿದ್ದಳು. ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿದೆ. ಗೋದಾವರಿ ಸೇತುವೆಯ ಮೇಲೆ ರೈಲು ಧಡಧಡ ಎಂದಾಗಲೂ ಅವಳ ಕಿವಿ ಮುಚ್ಚಿ ಹಿಡಿದೆ. ಭುಜ ಮರಗಟ್ಟಿತು, ಅಲುಗಾಡಲಿಲ್ಲ. ಸರಕನ್ನು ನಾನೇ ಕೈಯಾರೆ ಕೆಡಿಸಿದೆ, ಅದೂ ಬಹಳ ಸಂತೋಷದಿಂದ ಕೆಡಿಸಿದೆ.

ಹತ್ತಕ್ಕೆ ವಿಜಯವಾಡದಲ್ಲಿ ಇಳಿದಾಗ ಮಗಳು ಆಗ ತಾನೇ ನೀರು ಚಿಮುಕಿಸಿದ ಮಲ್ಲಿಗೆ. ಅಪ್ಪ ಹಿಂದಿನ ದಿನದ ಮಲ್ಲಿಗೆ. ಜೊತೆಗೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಉಪ್ಪಿಟ್ಟು ತುಂಬಿದ ಎರಡು ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಮೇಲೊಂದಿಷ್ಟು ತುಪ್ಪ ಹೊಟ್ಟೆಗಿಳಿಸಿದೆ. ಆಮೇಲೆ ಕರೆಸ್ಪಾಂಡೆಂಟರ ಕೋಣೆ. ಐಸ್‌ಕ್ರೀಂ ಇಡುವಷ್ಟು ತಂಪು, ಮುಳುಗಿಹೋಗುವಷ್ಟು ಮೆತ್ತನೆಯ ಸೋಫಾ. ಎಪ್ಪತ್ತರ ಸೂರ್ಯಪ್ರಕಾಶ ಗಾರು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ, ಬೆಳಗಿನ ಮೂರಕ್ಕೆ ಎದ್ದವರ ಹೊಳಪಿನಲ್ಲಿ ಕೂತಿದ್ದರು. ನಾನು ನಮಸ್ಕರಿಸಿದೆ, ಟಿಪ್ಪಣಿ ಕೊಟ್ಟೆ, ಸೋಫಾದಲ್ಲಿ ಕೂತೆ. ಇಷ್ಟು ನನಗೆ ನೆನಪಿದೆ.

ಅದರ ನಂತರ ನೆನಪಿರುವುದು ಚಪ್ಪಾಳೆ. ಕಣ್ಣು ಬಿಟ್ಟರೆ ನನ್ನ ಹೆಗಲ ಮೇಲೆ ಕೆಂಪು ಜರಿಯ ಶಾಲು! ಸೂರ್ಯಪ್ರಕಾಶ ಗಾರು ನನ್ನ ಎರಡೂ ಕೈ ಹಿಡಿದು ಕುಲುಕುತ್ತಿದ್ದಾರೆ. "ಚಾಲಾ ಸಂತೋಷಮಂಡಿ, ಇಂಥ ತಂದೆ ಕೋಟಿಗೊಬ್ಬರು," ಎನ್ನುತ್ತಿದ್ದಾರೆ. ಒಬ್ಬ ಫೋಟೋ ತೆಗೆಯುತ್ತಿದ್ದಾನೆ. ಗೆದ್ದೆ! ಮೆಟ್ಟಿಲು ಇಳಿಯುವ ಮುಂಚೆಯೇ ಪೋಷಕರ ವಾಟ್ಸ್ಯಾಪ್ ಗುಂಪಿಗೆ ಸಂದೇಶ ಕಳಿಸಿದೆ: "ಕಾರ್ಯಸಿದ್ಧಿ! ಸಮಯ ಬದಲಾವಣೆಗೆ ಒಪ್ಪಿಗೆ! ಶಾಲು ಹೊದಿಸಿ ಕಳಿಸಿದ್ದಾರೆ!"

ಆಟೋದಲ್ಲಿ ಕೂತ ಮೇಲೆ ಸಹನಾ ಬಾಯಿ ಬಿಟ್ಟಳು. "ನಾನ್ನಗಾರು," ಎಂದಳು. ಬಹುವಚನ ಕೇಳಿದ ಕೂಡಲೇ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ನೆಟ್ಟಗೆ ಕೂತೆ.

"ನೀವು ನಿದ್ದೆ ಮಾಡಿದ್ರಿ."

"ಛೆ! ಕಣ್ಣು ಮುಚ್ಕೊಂಡು ಯೋಚಿಸ್ತಿದ್ದೆ."

"ಗೊರಕೆ ಒಂದು ಹೊಡೀಲಿಲ್ಲ, ಅಷ್ಟೇ. ಸಾರ್ ಟಿಪ್ಪಣಿಯ ಮೊದಲ್ನೇ ಪುಟ ಓದಿದ್ರು. ಟೈಮ್ ಚೇಂಜ್ ಆಗ್ಲೇಬೇಕು, ನಾನೂ ಅದೇ ಯೋಚಿಸ್ತಿದ್ದೆ ಅಂದ್ರು. ಆಮೇಲೆ ನನ್ನ ಕೇಳಿದ್ರು, ಇವತ್ತು ಎಷ್ಟೊತ್ತಿಗೆ ಎದ್ದೆ ಅಂತ. ನಾಲ್ಕಕ್ಕೆ ಅಂದೆ."

"ನಿಜ ಯಾಕೆ ಹೇಳ್ದೆ?"

"ಮತ್ತೆ ಸುಳ್ಳು ಹೇಳ್ಬೇಕಿತ್ತಾ? ನಿದ್ದೆ ಬರ್ತಿದ್ಯಾ ಅಂದ್ರು. ಇಲ್ಲ ಸಾರ್ ಅಂದೆ. ಬರ್ತಿರ್ಲಿಲ್ಲ, ಏನ್ ಮಾಡ್ಲಿ? ಟ್ರಿಗ್ನಾಮೆಟ್ರಿ ಸೂತ್ರ ಕೇಳಿದ್ರು, ಹೇಳಿದೆ. ಪೀರಿಯಾಡಿಕ್ ಟೇಬಲ್ ಕೇಳಿದ್ರು, ಇಪ್ಪತ್ತು ಎಲಿಮೆಂಟ್ ಒಂದೇ ಉಸಿರಲ್ಲಿ ಹೇಳಿದೆ."

"ನಿಂಗೆ ಇಪ್ಪತ್ತು ಬರುತ್ತಾ?"

"ಯಾವತ್ತೂ ಎಂಟರ ಮೇಲೆ ಬಂದಿಲ್ಲ. ಇವತ್ತು ಚೆನ್ನಾಗಿ ನಿದ್ದೆ ಆಗಿತ್ತಲ್ಲ, ಬಂದ್ಬಿಡ್ತು!"

ನನ್ನ ಹನ್ನೊಂದು ಪುಟ ಹೇಳಲು ಒದ್ದಾಡಿದ್ದನ್ನು ಇವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಆದರೆ ಹೇಳಿದ್ದು ಆಟೋದಲ್ಲಿ. ಕರೆಸ್ಪಾಂಡೆಂಟರಿಗೆ ಕಂಡದ್ದು ನಾಲ್ಕಕ್ಕೆ ಎದ್ದೂ ಫಳಫಳ ಹೊಳೆಯುವ ಹುಡುಗಿ!

"ನಾಲ್ಕಕ್ಕೆ ಎದ್ರೆ ಬುದ್ಧಿ ಹೀಗೆ ಓಡುತ್ತೆ ಅಂತ ಅವರಿಗೆ ತುಂಬಾ ಖುಷಿ ಆಯ್ತು. ಹತ್ತನೇ ಕ್ಲಾಸಿಗೆ ಬೆಳಿಗ್ಗೆ ಐದೂವರೆಗೆ ಸ್ಪೆಷಲ್ ಬ್ಯಾಚ್ ಶುರು ಮಾಡೋಣ್ವಾ ಅಂತ ನಿಮ್ಮನ್ನ ಕೇಳಿದ್ರು. ನೀವು ತಲೆ ಆಡಿಸಿದ್ರಿ."

"ನಾನಾ?"

"ಮೂರ್ ಸಲ. ಒಂದೊಂದ್ಸಲ ಗದ್ದ ಎದೆಗೆ ಮುಟ್ಟೋ ಅಷ್ಟು ಜೋರಾಗಿ. ಪೇರೆಂಟ್ಸ್ ಎಲ್ಲಾ ಒಪ್ತಾರಾ ಅಂದ್ರು. ಅದಕ್ಕೂ ಆಡಿಸಿದ್ರಿ. ಭಾನುವಾರಾನೂ ಇಡೋಣ್ವಾ ಅಂದ್ರು."

"ಅದಕ್ಕೂ?"

"ಅದಕ್ಕೇ ಜಾಸ್ತಿ ಆಡಿಸಿದ್ದು."

"ಕಾಲಾದ್ರೂ ತುಳೀಬಾರ್ದಿತ್ತೇನೇ?"

"ತುಳಿದೆ. ಕಾಲು ಎತ್ತಿ ಸೋಫಾ ಮೇಲೆ ಮಡಚ್ಕೊಂಡ್ರಿ. ಆಗ್ಲೇ ಸಾರ್ ನಿಮ್ಮನ್ನ ಯೋಗಿ ಅಂದಿದ್ದು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ ಕೇಳಿದ್ದೆ, ಈಗ ಕಂಡೆ. ಸಂದೇಶ ಅಳಿಸೋಣ ಎಂದು ಫೋನ್ ತೆಗೆದರೆ ಆಗಲೇ ಇಪ್ಪತ್ತೆಂಟು ಅಭಿನಂದನೆ, ಹದಿನಾಲ್ಕು ಹೂಗುಚ್ಛ, ನಡುವೆ ಯಾರೋ ಒಬ್ಬರ ಕಣ್ಣೀರು. ಸಂಜೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕನಕದುರ್ಗ ಗಾರು ಸೇವಂತಿಗೆ ಹಾರ ಹಿಡಿದು ನಿಂತಿದ್ದರು! "ಎಂಟೂವರೆ ವೀರನಿಗೆ ಜೈ!" ಎಂದು ಮಕ್ಕಳು ಕೂಗಿದರು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅದರೊಳಗೆ ಯಾರೋ ಮೈಸೂರುಪಾಕು ಇಟ್ಟರು. ಹೇಡಿಯಾದ ನಾನು ಅದನ್ನು ನುಂಗಿದೆ.

ಸೋಮವಾರ ಸುತ್ತೋಲೆ ಬಂತು. "ತಂದೆತಾಯಂದಿರ ಪ್ರತಿನಿಧಿ ವೆಂಕಟರಮಣ ಗಾರು ಅವರ ಹೃತ್ಪೂರ್ವಕ ಸಮ್ಮತಿಯ ಮೇರೆಗೆ" ಹತ್ತನೇ ತರಗತಿಗೆ ಬೆಳಿಗ್ಗೆ ಐದೂವರೆಯಿಂದ ವಿಶೇಷ ತರಗತಿ, ಭಾನುವಾರವೂ ಸೇರಿ. ಮಂಗಳವಾರ ನಮ್ಮ ಮೂಲೆಯಲ್ಲೇ ಒಂದು ಫ್ಲೆಕ್ಸಿ ಎದ್ದಿತು. ಅದರಲ್ಲಿ ಆಳೆತ್ತರದ ಸಹನಾ, "ನಾಲ್ಕಕ್ಕೇ ಏಳುವ ನಕ್ಷತ್ರ!" ಪಕ್ಕದಲ್ಲಿ ಶಾಲು ಹೊದ್ದ ನಾನು, ಗದ್ದ ಎದೆಗೊರಗಿಸಿ, ಕಣ್ಣು ಮುಚ್ಚಿ. ಕೆಳಗೆ "ತಪಸ್ವಿ ತಂದೆ" ಎಂದು ಬರೆದಿತ್ತು.

ಕನಕದುರ್ಗ ಗಾರು ನಮ್ಮ ಬಾಗಿಲಿಗೇ ಬಂದರು. ಹಾರ ವಾಪಸು ಕೇಳುತ್ತಾರೇನೋ ಎಂದುಕೊಂಡೆ. "ನೀವು ಹೋಗ್ದೇ ಇದ್ದಿದ್ರೆ ಏಳಕ್ಕಾದ್ರೂ ಇರ್ತಿತ್ತಂಡಿ," ಎಂದು ತಣ್ಣಗೆ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಲಿಫ್ಟಿನಲ್ಲಿ ನಾನು ಹತ್ತಿದರೆ ಉಳಿದವರು ಮೆಟ್ಟಿಲು ಹತ್ತುತ್ತಿದ್ದರು.

ನನ್ನದು ಹೋಗಲಿ. ಸಹನಾಳ ಗತಿ ನೋಡಲಾಗಲಿಲ್ಲ. ಫ್ಲೆಕ್ಸಿಯ ನಕ್ಷತ್ರದ ಜೊತೆ ತರಗತಿಯಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಅವಳ ಪ್ರಾಣದ ಗೆಳತಿ ಹಿಮಬಿಂದು ಬೆಂಚು ಬದಲಿಸಿದಳಂತೆ. "ಅಪ್ಪ, ನಂಗೆ ನಿದ್ದೆ ಇಲ್ಲದಿದ್ರೂ ಪರವಾಗಿಲ್ಲ, ಆ ಫೋಟೋ ತೆಗೆಸು," ಎಂದಳು ಒಂದು ಸಂಜೆ. ಕೋಪವಿದ್ದಿದ್ದರೆ ನಾನ್ನಗಾರು ಎನ್ನುತ್ತಿದ್ದಳು. ಅಪ್ಪ ಎಂದದ್ದಕ್ಕೇ ನನಗೆ ತಡೆಯಲಾಗಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕಣ್ಣೊರೆಸಿಕೊಂಡೆ.

"ಇನ್ನೊಂದ್ಸಲ ವಿಜಯವಾಡಕ್ಕೆ ಹೋಗಿ ಸರಿ ಮಾಡ್ತೀನಿ," ಎಂದೆ ಹೊರಗೆ ಬಂದು.

"ಸುಮ್ನಿರಲಾರದೆ ಇರುವೆ ಬಿಟ್ಕೊಂಡಿದ್ದು ಸಾಕು," ಎಂದಳು ವಿಜಯಲಕ್ಷ್ಮಿ. "ಆ ಇರುವೆಗಳೇ ಇನ್ನೂ ಇಳಿದಿಲ್ಲ."

ಮಾಡಿದ್ದುಣ್ಣೋ ಮಹರಾಯ! ಕತ್ತಲಲ್ಲಿ ಬರುವ ಮಕ್ಕಳನ್ನು ನೋಡಿಕೊಳ್ಳಲು ಪ್ರತಿನಿಧಿಯೇ ಬರಬೇಕೆಂದು ಪೋಷಕರು ಒಕ್ಕೊರಲಿನಿಂದ ತೀರ್ಮಾನಿಸಿದರು. ಪ್ರತಿದಿನ ಐದೂಕಾಲಿಗೆ ಶಾಲೆಯ ಗೇಟಿನಲ್ಲಿ ರಿಜಿಸ್ಟರ್ ಹಿಡಿದು ನಾನು. ಒಳಗೆ ಮೂವತ್ತೆಂಟು ಮಕ್ಕಳು ಬೆಂಚಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದರು. ಪಾಠ ಮಾಡಬೇಕಾದ ಟೀಚರಮ್ಮ ಬೋರ್ಡಿಗೆ ಒರಗಿ, ಸೀಮೆಸುಣ್ಣ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿರುತ್ತಿದ್ದರು. ಹೈಮಾವತಿ ಮೇಡಂ ಒದ್ದೆ ಕೂದಲಿನಲ್ಲೇ ಸ್ಕೂಟರಿನಲ್ಲಿ ಬಂದು, ಆಕಳಿಸುತ್ತ, ಎಡಗಾಲಿಗೊಂದು ಬಲಗಾಲಿಗೊಂದು ಬೇರೆ ಬೇರೆ ಚಪ್ಪಲಿಯಲ್ಲಿ ಇಳಿಯುತ್ತಿದ್ದರು. ಇದನ್ನೆಲ್ಲ ಮನೆಗೆ ಬಂದು ವರ್ಣಿಸಿ ನಗುತ್ತಿದ್ದೆ. ನಗುವುದು ಬಿಟ್ಟು ನನಗೆ ಬೇರೇನೂ ಹೊಳೆಯಲಿಲ್ಲ.

ವಿಜಯಲಕ್ಷ್ಮಿ ನಗಲಿಲ್ಲ. "ಒದ್ದೆ ಕೂದಲಾ?" ಎಂದಳು. "ಬೇರೆ ಬೇರೆ ಚಪ್ಪಲೀನಾ?" ಎಂದಳು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ಮೂರು ದಿನಕ್ಕೆ ಶ್ರಾವಣ ಶುಕ್ರವಾರ.

ನಮ್ಮ ಕಡೆ ಅರಿಶಿನ ಕುಂಕುಮಕ್ಕೆ ಕರೆಯುವ ಹಾಗೆ ಇಲ್ಲಿ ಪೇರಂಟ ಎಂದು ಹೆಂಗಸರನ್ನು ಕರೆಯುತ್ತಾರೆ. ವಿಜಯಲಕ್ಷ್ಮಿ ಹೈಮಾವತಿ ಮೇಡಮ್ಮನ್ನೂ ಆ ಶಾಲೆಯ ಟೀಚರುಗಳನ್ನೂ ಅಂದು ಸಂಜೆ ನಮ್ಮ ಮನೆಗೆ ಕರೆದಳು. ಕನಕದುರ್ಗ ಗಾರೂ ಬಂದರು, ನನ್ನ ಕಡೆ ನೋಡದೆ ಒಳಗೆ ಹೋದರು. ಗಂಡಸಾದ ನನ್ನನ್ನು ಬಾಲ್ಕನಿಗೆ ಅಟ್ಟಿ ಬಾಗಿಲು ಹಾಕಿದರು. ಗಾಜಿನಿಂದ ಮಾತು ಕೇಳುತ್ತಿತ್ತು.

ವಿಜಯಲಕ್ಷ್ಮಿ ಕಡಲೆಕಾಳು, ತಾಂಬೂಲ ಕೊಡುತ್ತ, ಬಹಳ ಸಹಜವಾಗಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಮೇಡಂ, ಬರೋ ವಾರ ವರಲಕ್ಷ್ಮಿ ವ್ರತ ಅಲ್ವಾ? ನೀವು ಎಷ್ಟೊತ್ತಿಗೆ ಮಾಡ್ತೀರಿ?"

ಅಷ್ಟೇ ನೋಡಿ. ಆಮೇಲೆ ಕಟ್ಟೆ ಒಡೆಯಿತ್ರೀ! "ಯಾವಾಗ ಮಾಡೋದಮ್ಮಾ?" ಎಂದು ಹೈಮಾವತಿ ಮೇಡಂ ಅತ್ತೇಬಿಟ್ಟರು. "ಐದೂವರೆಗೆ ಸ್ಕೂಲಲ್ಲಿರಬೇಕಂದ್ರೆ ತಲೆಸ್ನಾನ ಯಾವಾಗ, ಕಲಶ ಯಾವಾಗ, ಒಂಬತ್ತು ಥರ ನೈವೇದ್ಯ ಯಾವಾಗ? ಇಪ್ಪತ್ತೇಳು ವರ್ಷದಿಂದ ಒಂದು ಶುಕ್ರವಾರಾನೂ ತಪ್ಪಿಲ್ಲ ನಾನು!" ಗಣಿತದ ಟೀಚರು ಭೀಮುನಿಪಟ್ಟಣದಿಂದ ಬರುವವರು, "ನಾನು ಮೂರಕ್ಕೆ ಏಳ್ತಿದೀನಿ," ಎಂದು ದನಿಗೂಡಿಸಿದರು. ಎಲ್ಲರೂ ಒಟ್ಟಿಗೆ ಮಾತಾಡಿದರು, ಎಲ್ಲರೂ ಒಟ್ಟಿಗೆ ಕಣ್ಣೊರೆಸಿಕೊಂಡರು. ಅಲ್ಲೇ ಸಹನಾಳ ನೋಟ್ ಪುಸ್ತಕದಿಂದ ಒಂದು ಹಾಳೆ ಹರಿದು ಅರ್ಧ ಪುಟದ ಪತ್ರ ಬರೆದರು. ಇಪ್ಪತ್ತಮೂರು ಟೀಚರುಗಳ ಸಹಿ. ವಾಟ್ಸ್ಯಾಪಿನಲ್ಲಿ ಆ ಪತ್ರ ಹೋದದ್ದು ಸೂರ್ಯಪ್ರಕಾಶ ಗಾರಿಗಲ್ಲ. ಅವರ ಹೆಂಡತಿ ದುರ್ಗಾಭವಾನಿ ಗಾರಿಗೆ!

"ಇಪ್ಪತ್ತಮೂರು ಮುತ್ತೈದೆಯರ ವ್ರತ ಕೆಡಿಸಿದ ಪಾಪ ಯಾರ ಮನೆಗಮ್ಮಾ ಬರುತ್ತೆ?" ಎಂದು ಹೈಮಾವತಿ ಮೇಡಂ ಫೋನಿನಲ್ಲಿ ಕೇಳಿದರಂತೆ. ಬೆಳಗಿನ ಮೂರಕ್ಕೆ ಏಳುವ ಸೂರ್ಯಪ್ರಕಾಶ ಗಾರು ಆ ರಾತ್ರಿ ಮಲಗಿದರೋ ಇಲ್ಲವೋ ತಿಳಿಯದು. ಶನಿವಾರ ಹತ್ತು ಗಂಟೆಗೆ ಸುತ್ತೋಲೆ ಬಂತು. ವಿಶೇಷ ತರಗತಿ ರದ್ದು. ಶ್ರಾವಣದ ಪ್ರಯುಕ್ತ ಶಾಲೆ ಎಂಟೂವರೆಗೆ! ಮಕ್ಕಳ ನಿದ್ದೆಯ ಬಗ್ಗೆ ಅದರಲ್ಲಿ ಒಂದಕ್ಷರವಿರಲಿಲ್ಲ.

"ಶ್ರಾವಣ ಮುಗಿದ್ಮೇಲೆ?" ಎಂದು ಕೇಳಿದೆ, ಸೋತ ದನಿಯಲ್ಲಿ.

ವಿಜಯಲಕ್ಷ್ಮಿ ಬೆರಳು ಮಡಚಿದಳು. "ಗೌರಿ ಹಬ್ಬ. ಆಮೇಲೆ ನವರಾತ್ರಿ. ಕಾರ್ತಿಕಮಾಸ ಪೂರ್ತಿ ಬೆಳಗಿನ ದೀಪ. ಆಮೇಲೆ ಧನುರ್ಮಾಸ. ದುರ್ಗಾಭವಾನಿ ಗಾರು ಪಟ್ಟಿ ಕೇಳಿದ್ರು, ಕಳಿಸಿದೀನಿ. ಪರೀಕ್ಷೆ ಬರೋ ತನಕ ಏನೂ ಯೋಚ್ನೆ ಇಲ್ಲ."

"ನನ್ನ ಹನ್ನೊಂದು ಪುಟದಲ್ಲಿ ಎಲ್ಲಾ ವೈಜ್ಞಾನಿಕವಾಗಿ..."

"ಮಕ್ಕಳಿಗೆ ನಿದ್ದೆ ಇಲ್ಲ ಅಂದ್ರೆ ಯಾರ್ರೀ ಕೇಳ್ತಾರೆ? ದೊಡ್ಡೋರಿಗೆ ಕಷ್ಟ ಆದ್ರೇನೇ ಗಡಿಯಾರ ತಿರುಗೋದು."

ಸೋಮವಾರ ಸಹನಾ ಏಳಕ್ಕೆ ಎದ್ದಳು, ತಾನಾಗಿಯೇ. ಕಣ್ಣು ಬಿಟ್ಟುಕೊಂಡು ತಿಂಡಿ ತಿಂದಳು. ಹಿಮಬಿಂದು ಮನೆಗೇ ಬಂದು ಜೊತೆಯಲ್ಲಿ ಕರೆದುಕೊಂಡು ಹೋದಳು. ಫ್ಲೆಕ್ಸಿಯೂ ಇಳಿಯಿತು. ಇಳಿಸಿದ್ದು ವಾಚ್‌ಮನ್, ಅವನ ಕೈಗೆ ಏಣಿ ಕೊಟ್ಟದ್ದು ಕನಕದುರ್ಗ ಗಾರು. ಅಂದು ಸಂಜೆ ಲಿಫ್ಟಿನಲ್ಲಿ ನನ್ನ ಜೊತೆ ಇಬ್ಬರು ಹತ್ತಿದರು. ಎಲ್ಲ ಸುಖವಾಗಿ ಮುಗಿಯಿತಲ್ಲ ಎಂದು ನನ್ನ ಮನಸ್ಸು ತುಂಬಿ ಬಂತು. ಎಷ್ಟಾದರೂ ನಾನು ಪ್ರತಿನಿಧಿ. ಒಳ್ಳೆಯ ಕೆಲಸ ಮಾಡಿದವರನ್ನು ನೆನೆಯದಿದ್ದರೆ ಹೇಗೆ? ಬಿಳಿ ಹಾಳೆ ತೆಗೆದುಕೊಂಡು, "ಮಾನ್ಯ ಸೂರ್ಯಪ್ರಕಾಶ ಗಾರು ಅವರಿಗೆ, ವಿಷಯ: ಕೃತಜ್ಞತೆ ಕುರಿತು" ಎಂದು ಬರೆದೆ. ಇದನ್ನು ಅಂಚೆಯಲ್ಲಿ ಕಳಿಸುವುದು ಮರ್ಯಾದೆಯಲ್ಲ, ಖುದ್ದಾಗಿ ಹೋಗಿ ಕೊಡುವುದೇ ಸರಿ ಎಂದು ಗಟ್ಟಿಯಾಗಿಯೇ ಅಂದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಓದುತ್ತ ಕೂತಿದ್ದ ಸಹನಾ ಎದ್ದು ಬಂದಳು. ನನ್ನ ಕೈಯಿಂದ ಪೆನ್ನು ಬಿಡಿಸಿಕೊಂಡು, ಮುಚ್ಚಳ ಹಾಕಿ, ತನ್ನ ಜೇಬಿಗಿಟ್ಟುಕೊಂಡಳು. ಆಮೇಲೆ ಬಹಳ ಪ್ರೀತಿಯಿಂದ ನನ್ನ ತೋಳು ಹಿಡಿದಳು.

"ಬೇಡ ಅಪ್ಪ. ನೀನು ಥ್ಯಾಂಕ್ಸ್ ಹೇಳಿ ಬಂದ್ರೆ ಅವರು ನಾಲ್ಕೂವರೆಗೆ ಶುರು ಮಾಡ್ತಾರೆ!"